ಇನ್ನೊಬ್ಬರ ನೋವನ್ನು ನಾವು ಅರ್ಪಿಸಬಹುದೇ?



ನಮ್ಮ ಕುಟುಂಬಗಳಲ್ಲಿ ಯಾವುದಾದರೊಂದು ದಿನ ತಪ್ಪದೆ ಎದುರಾಗುವ ಒಂದು ಪ್ರಶ್ನೆಯನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇವೆ. ಮನೆಯ ಹಿರಿಯರೊಬ್ಬರಿಗೆ ಕ್ಯಾನ್ಸರ್. ಇನ್ನು ಗುಣವಾಗುವಂಥದ್ದಲ್ಲವೆಂದು ದೊಡ್ಡಾಸ್ಪತ್ರೆಯ ವೈದ್ಯರು ಹೇಳಿ ಮನೆಗೆ ಕಳುಹಿಸಿದ್ದಾರೆ. ಕಳುಹಿಸುವಾಗ ನೋವಿಗೆಂದು ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಮನೆಗೆ ಬಂದ ಮೇಲೆ ಯಾರೋ ಹೇಳುತ್ತಾರೆ: "ಅದು ಅಫೀಮು ಕಣಪ್ಪ. ಅದನ್ನ ಕೊಟ್ರೆ ಅವ್ವ ಮತ್ತೆ ಎದ್ದೇಳಲ್ಲ." ಮತ್ತೊಬ್ಬರು ಹೇಳುತ್ತಾರೆ: "ಯೇಸುಸ್ವಾಮಿ ಪಟ್ಟ ಪಾಡಿನ ಮುಂದೆ ಇದೇನು? ನೋವನ್ನ ಸ್ವಾಮಿಗೆ ಒಪ್ಪಿಸಿಬಿಡವ್ವ." ಮಾತ್ರೆಯ ಪೊಟ್ಟಣ ಗೂಡಿನಲ್ಲೇ ಉಳಿಯುತ್ತದೆ. ರಾತ್ರಿಯೆಲ್ಲ ಆ ತಾಯಿ ನರಳುತ್ತಾರೆ. ಮಕ್ಕಳು ಪಕ್ಕದಲ್ಲಿ ಕುಳಿತು ಜಪಸರ ಹೇಳುತ್ತಾರೆ.

ಈ ಮಕ್ಕಳಿಗೆ ತಾಯಿಯ ಮೇಲೆ ಪ್ರೀತಿಯಿಲ್ಲವೆಂದು ಯಾರೂ ಹೇಳಲಾರರು. ಆದರೆ ಅವರು ಮಾಡುತ್ತಿರುವುದು ಸರಿಯೇ? ಸಮಾಧಾನದಿಂದ ಯೋಚಿಸೋಣ.

ಇದು ದೂರದ ಮಾತಲ್ಲ

ಸಾಲಿಗ್ರಾಮ, ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಡೆ ಇರುವ ನಮಗೆ ಹೊಗೆಸೊಪ್ಪು ಹೊಸದಲ್ಲ. ನಮ್ಮಲ್ಲಿ ಎಷ್ಟೋ ಮನೆಗಳ ಸಾಲ ತೀರುವುದು, ಮಕ್ಕಳ ಶಾಲೆಯ ಫೀಸು ಕಟ್ಟುವುದು ಆ ಬೆಳೆಯಿಂದಲೇ. ಎಲೆ ಅಡಿಕೆಯ ಜೊತೆ ಒಂದು ಚೂರು ಹೊಗೆಸೊಪ್ಪು ಇಟ್ಟು ಜಗಿಯುವ ಅಭ್ಯಾಸವೂ ನಮ್ಮ ಹಿರಿಯರಲ್ಲಿ ಹಳೆಯದು. ಬಾಯಿ, ಗಂಟಲಿನ ಕ್ಯಾನ್ಸರಿಗೆ ಹೊಗೆಸೊಪ್ಪೇ ದೊಡ್ಡ ಕಾರಣವೆಂಬುದು ಈಗ ಎಲ್ಲರಿಗೂ ಗೊತ್ತು. ಬಾಯಿಯ ಕ್ಯಾನ್ಸರ್ ಬೆಳೆದಾಗ ಬರುವ ನೋವು ಸಾಮಾನ್ಯದ್ದಲ್ಲ. ಗಂಜಿ ನುಂಗಲೂ ಬಿಡುವುದಿಲ್ಲ, ಮಾತಾಡಲೂ ಬಿಡುವುದಿಲ್ಲ. ಕ್ರೋಸಿನ್, ಬ್ರೂಫೆನ್‌ನಂಥ ಮಾತ್ರೆಗಳಿಗೆ ಅದು ಬಗ್ಗುವುದಿಲ್ಲ. ಅಂಥ ನೋವಿಗೆ ವೈದ್ಯರು ಬರೆಯುವುದೇ ಅಫೀಮು ವರ್ಗದ ಔಷಧಗಳನ್ನು.

ಅಫೀಮು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಅಮಲು, ಪೊಲೀಸು, ಜೈಲು. ಆದರೆ ಗಸಗಸೆ ಗಿಡದ ಹಾಲಿನಿಂದ ಬರುವ ಈ ಪದಾರ್ಥದೊಳಗಿನ ಮಾರ್ಫಿನ್ ಅನ್ನು ಸೆರ್ಟ್ಯೂರ್ನರ್ ಎಂಬ ಜರ್ಮನ್ ಔಷಧಿಗಾರ ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ಬೇರ್ಪಡಿಸಿದ್ದನು. ಇಂದು ಅದು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದೆ. ಕ್ಯಾನ್ಸರ್ ನೋವನ್ನು ಮೂರು ಮೆಟ್ಟಿಲುಗಳಲ್ಲಿ ಶಮನ ಮಾಡಬೇಕೆಂಬ ಕ್ರಮವನ್ನು ಅದೇ ಸಂಸ್ಥೆ 1986ರಲ್ಲಿ ಜಗತ್ತಿಗೆ ತಿಳಿಸಿತು. ಸಾಧಾರಣ ಮಾತ್ರೆ ಮೊದಲ ಮೆಟ್ಟಿಲು, ಕೊಡೈನ್‌ನಂಥ ಹಗುರ ಔಷಧ ಎರಡನೆಯದು, ಮಾರ್ಫಿನ್ ಮೂರನೆಯದು. ಬಾಯಿಯ ಮೂಲಕ, ಗಡಿಯಾರ ನೋಡಿಕೊಂಡು, ನೋವು ಮರುಕಳಿಸುವ ಮೊದಲೇ ಕೊಡಬೇಕೆಂಬುದು ಅದರ ಸಾರ.

ಧರ್ಮಸಭೆ ಏನು ಹೇಳುತ್ತದೆ?

ನೋವಿಗೆ ಅರ್ಥವಿದೆ, ಅದನ್ನು ಪ್ರಭುವಿನ ಪಾಡಿನೊಡನೆ ಒಂದುಗೂಡಿಸಬಹುದು ಎಂಬುದು ನಮ್ಮ ವಿಶ್ವಾಸ. ಇದನ್ನು ಅಲ್ಲಗಳೆಯುವ ಮಾತೇ ಇಲ್ಲ. ಆದರೆ ಈ ವಿಶ್ವಾಸವನ್ನು ಹಿಡಿದುಕೊಂಡು ಔಷಧ ಬೇಡವೆನ್ನಲು ಧರ್ಮಸಭೆ ಎಲ್ಲಿಯೂ ಹೇಳಿಲ್ಲ. ಅರಿವಳಿಕೆ ತಜ್ಞರು ಇದೇ ಸಂದೇಹವನ್ನು ಕೇಳಿದಾಗ, 1957ರ ಫೆಬ್ರವರಿ 24ರಂದು ಜಗದ್ಗುರು ಹನ್ನೆರಡನೇ ಪಿಯುಸ್‌ರವರು ಸ್ಪಷ್ಟ ಉತ್ತರ ಕೊಟ್ಟರು. ನೋವು ನಿವಾರಕ ಔಷಧವನ್ನು ನಿರಾಕರಿಸಬೇಕೆಂಬ ಕಟ್ಟಳೆ ಕ್ರೈಸ್ತನಿಗಿಲ್ಲ. ಬೇರೆ ಮಾರ್ಗವಿಲ್ಲದಾಗ, ರೋಗಿ ತನ್ನ ಧಾರ್ಮಿಕ ಮತ್ತು ಕೌಟುಂಬಿಕ ಕರ್ತವ್ಯಗಳನ್ನು ಮುಗಿಸಲು ಅಡ್ಡಿಯಾಗದಿದ್ದಾಗ, ಸಾವನ್ನು ಬಯಸದೆ ನೋವನ್ನು ಮಾತ್ರ ತಗ್ಗಿಸಲು ಬಲವಾದ ಔಷಧವನ್ನು ಕೊಡಬಹುದು. ಅದರಿಂದ ಆಯುಷ್ಯ ಸ್ವಲ್ಪ ಕಡಿಮೆಯಾಗುವ ಸಂಭವವಿದ್ದರೂ ಅದು ಪಾಪವಲ್ಲ. 1980ರಲ್ಲಿ ದಯಾಮರಣವನ್ನು ಖಂಡಿಸಿ ರೋಮ್‌ನಿಂದ ಬಂದ ಪ್ರಕಟಣೆಯೂ ಇದನ್ನೇ ಎತ್ತಿಹಿಡಿಯಿತು. ಕೆಲವರು ತಮ್ಮ ಇಚ್ಛೆಯಿಂದ ಔಷಧವನ್ನು ಕಡಿಮೆ ಮಾಡಿಕೊಂಡು ನೋವನ್ನು ಸಹಿಸಬಹುದು, ಆದರೆ ಅಂಥ ವೀರ ಸಹನೆಯನ್ನು ಎಲ್ಲರ ಮೇಲೆ ನಿಯಮವಾಗಿ ಹೇರುವುದು ವಿವೇಕವಲ್ಲವೆಂದು ಅದು ಎಚ್ಚರಿಸಿತು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 2279ನೇ ಸಂಖ್ಯೆಯಲ್ಲಿಯೂ ಇದೇ ಬೋಧನೆಯಿದೆ. ಗುಣವಾಗದ ರೋಗಿಗೆ ನೋವು ತಗ್ಗಿಸಿ ಮಾಡುವ ಆರೈಕೆಯನ್ನು ಅದು ನಿಸ್ವಾರ್ಥ ಪ್ರೀತಿಯ ವಿಶೇಷ ರೂಪವೆಂದು ಕರೆಯುತ್ತದೆ.

ಇಲ್ಲಿ ಒಂದು ಮಾತನ್ನು ಗಮನಿಸಿ. ನೋವನ್ನು ಅರ್ಪಿಸುವುದು ಒಂದು ಕಾಣಿಕೆ. ಕಾಣಿಕೆ ಕೊಡುವವನು ತನ್ನದನ್ನು ಕೊಡಬೇಕು. ನೆರೆಮನೆಯವನ ತೆಂಗಿನಕಾಯಿ ಕಿತ್ತು ತಂದು ಹಬ್ಬದ ದಿನ ದೇವಾಲಯಕ್ಕೆ ಕೊಟ್ಟರೆ ಅದು ಕಾಣಿಕೆಯಾಗುವುದೇ? ಹಾಗೆಯೇ ತಾಯಿಯ ನೋವು ತಾಯಿಯದು. "ಇವತ್ತು ಈ ಮಾತ್ರೆ ಸ್ವಲ್ಪ ತಡವಾಗಲಿ, ಪ್ರಾರ್ಥನೆ ಮುಗಿಸಿ ತಗೋತೀನಿ" ಎಂದು ಆಕೆಯೇ ಹೇಳಿದರೆ ಅದು ಆಕೆಯ ಸ್ವಾತಂತ್ರ್ಯ, ಅದಕ್ಕೆ ತಲೆಬಾಗೋಣ. ಆದರೆ ಆಕೆ ಮಾತ್ರೆ ಕೇಳುತ್ತಿರುವಾಗ, ಅಥವಾ ಕೇಳಲೂ ಶಕ್ತಿಯಿಲ್ಲದೆ ನರಳುತ್ತಿರುವಾಗ, ಆಕೆಯ ಪರವಾಗಿ ನಾವು ಆ ನೋವನ್ನು ಅರ್ಪಿಸಿಬಿಡುವುದು ನಮಗೆ ಸೇರದ್ದನ್ನು ಕೊಟ್ಟಂತೆ. ಹತ್ತಿರ ಇರುವ ನಮಗೆ ಉಳಿದಿರುವ ಕರ್ತವ್ಯ ಒಂದೇ: ನೋವನ್ನು ತಗ್ಗಿಸುವುದು.

ಗೊಲ್ಗೊಥಾದಲ್ಲಿ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಕೊಟ್ಟಾಗ ಪ್ರಭು ಸ್ವೀಕರಿಸಲಿಲ್ಲವೆಂದು ಮಾರ್ಕನ ಶುಭಸಂದೇಶ ಹೇಳುತ್ತದೆ. ನಿಜ. ಆದರೆ ಅದು ಅವರು ತಮಗಾಗಿ ಮಾಡಿಕೊಂಡ ಆಯ್ಕೆ. ತಮ್ಮ ಬಳಿಗೆ ಬಂದ ಒಬ್ಬನೇ ಒಬ್ಬ ರೋಗಿಗೂ "ಸಹಿಸಿಕೊಂಡು ಹೋಗು" ಎಂದು ಅವರು ಹೇಳಿದ್ದನ್ನು ನಾವು ಶುಭಸಂದೇಶದಲ್ಲಿ ಓದುವುದಿಲ್ಲ. ಜಗದ್ಗುರು ಎರಡನೇ ಜಾನ್ ಪಾಲರು 1984ರಲ್ಲಿ ನೋವಿನ ಅರ್ಥದ ಬಗ್ಗೆ ಬರೆದ ಪತ್ರದಲ್ಲಿ ಒಂದು ಇಡೀ ಭಾಗವನ್ನು ದಯಾಳು ಸಮಾರಿಯದವನ ಸಾಮತಿಗೆ ಮೀಸಲಿಟ್ಟಿದ್ದಾರೆ. ಆ ಸಮಾರಿಯದವನು ದಾರಿಯಲ್ಲಿ ಬಿದ್ದವನಿಗೆ ಸಹನೆಯ ಬಗ್ಗೆ ಉಪದೇಶ ಮಾಡಲಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಸುರಿದು ಬಟ್ಟೆ ಕಟ್ಟಿದನು.

ಎರಡು ಭಯಗಳು

"ಚಟ ಅಂಟಿಕೊಂಡರೆ?" ಎಂಬುದು ಮೊದಲನೆಯ ಭಯ. ಇಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು. ಹಲವು ವಾರ ಮಾರ್ಫಿನ್ ತೆಗೆದುಕೊಂಡ ಯಾರ ದೇಹವಾದರೂ ಅದಕ್ಕೆ ಹೊಂದಿಕೊಳ್ಳುತ್ತದೆ. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಬೆವರು, ನಡುಕ, ಭೇದಿ ಬರುತ್ತದೆ. ಆದ್ದರಿಂದ ನಿಲ್ಲಿಸಬೇಕಾದಾಗ ವೈದ್ಯರು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ಇದನ್ನು ಚಟವೆನ್ನುವುದಿಲ್ಲ. ಹಾನಿಯಾಗುತ್ತಿದೆಯೆಂದು ಗೊತ್ತಿದ್ದೂ ಮತ್ತೆ ಮತ್ತೆ ಬಯಸುವುದು, ಅದಕ್ಕಾಗಿ ಸುಳ್ಳು ಹೇಳುವುದು, ಮನೆ ಕೆಲಸ ಎಲ್ಲವನ್ನೂ ಮರೆಯುವುದು ಚಟ. ಕ್ಯಾನ್ಸರ್ ನೋವಿಗೆ ವೈದ್ಯರ ಕಣ್ಣಳತೆಯಲ್ಲಿ ಮಾರ್ಫಿನ್ ತೆಗೆದುಕೊಳ್ಳುವ ರೋಗಿಗಳಲ್ಲಿ ಇಂಥ ಚಟ ಅಪರೂಪ. ಕೊನೆಯ ದಿನಗಳಲ್ಲಿರುವ ಅವ್ವನ ಬಗ್ಗೆ ಈ ಭಯಪಡುವುದರಲ್ಲಿ ಅರ್ಥವೇ ಇಲ್ಲ.

"ಬೇಗ ಸತ್ತುಹೋದರೆ?" ಎಂಬುದು ಎರಡನೆಯ ಭಯ. ಸಣ್ಣ ಪ್ರಮಾಣದಿಂದ ಶುರುಮಾಡಿ ನೋವಿಗೆ ತಕ್ಕಷ್ಟೇ ಏರಿಸಿದ ಮಾರ್ಫಿನ್ ಸಾವನ್ನು ಹತ್ತಿರ ತರುತ್ತದೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ನೋವು ತಗ್ಗಿದ ರೋಗಿ ನಿದ್ದೆ ಮಾಡುತ್ತಾನೆ, ಎರಡು ತುತ್ತು ಉಣ್ಣುತ್ತಾನೆ, ಮೊಮ್ಮಕ್ಕಳನ್ನು ಹತ್ತಿರ ಕರೆಯುತ್ತಾನೆ. ಪಾಪನಿವೇದನೆ ಮಾಡಲು, ಪರಮಪ್ರಸಾದ ಸ್ವೀಕರಿಸಲು, ಮುನಿಸಿಕೊಂಡ ತಮ್ಮನೊಡನೆ ರಾಜಿಯಾಗಲು ಅವನಿಗೆ ಮನಸ್ಸು ಬಿಡುವಾಗುತ್ತದೆ. ತಡೆಯಲಾರದ ನೋವಿನಲ್ಲಿ ಇವಾವುದೂ ಆಗುವುದಿಲ್ಲ. ಪ್ರಾರ್ಥನೆಯ ಪದಗಳೂ ನಾಲಗೆಗೆ ಬರುವುದಿಲ್ಲ.

ಅಫೀಮು ಬೆಳೆಯುವ ದೇಶದಲ್ಲಿ

ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಿಂದ ಅಫೀಮು ಬೆಳೆಯುತ್ತಾರೆ. ಘಾಜಿಪುರ ಮತ್ತು ನೀಮಚ್‌ನಲ್ಲಿ ಅದರ ಸರ್ಕಾರಿ ಕಾರ್ಖಾನೆಗಳಿವೆ. ಹೊರದೇಶಗಳ ರೋಗಿಗಳ ನೋವಿಗೂ ನಮ್ಮ ಅಫೀಮು ಮದ್ದಾಗಿದೆ. ಆದರೆ 1985ರ ಮಾದಕ ವಸ್ತು ಕಾಯಿದೆ ಬಂದ ಮೇಲೆ, ಮಾರ್ಫಿನ್ ಇಟ್ಟುಕೊಳ್ಳಲು ಆಸ್ಪತ್ರೆಗಳಿಗೆ ಹಲವು ಇಲಾಖೆಗಳ ಹಲವು ಪರವಾನಗಿ ಬೇಕಾಯಿತು, ತಪ್ಪಿದರೆ ಕಠಿಣ ಶಿಕ್ಷೆಯ ಭಯ. ಮುಂದಿನ ಹನ್ನೆರಡು ವರ್ಷಗಳಲ್ಲಿ ನಮ್ಮ ದೇಶದಲ್ಲಿ ರೋಗಿಗಳಿಗೆ ಸಿಗುವ ಮಾರ್ಫಿನ್ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕುಸಿಯಿತು. ಒಂದು ತಲೆಮಾರಿನ ವೈದ್ಯರು ಅದನ್ನು ಬರೆಯುವುದನ್ನೇ ಕಲಿಯದೆ ಹೊರಬಂದರು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮೊದಲಾದವರ ದೀರ್ಘ ಹೋರಾಟದ ನಂತರ 2014ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿತು. ಮಾರ್ಫಿನ್ ಮೊದಲಾದ ಔಷಧಗಳನ್ನು ಅತ್ಯಗತ್ಯವೆಂದು ಗುರುತಿಸಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಒಂದೇ ಕಡೆಯ ಅನುಮತಿಯಿಂದ ಇಟ್ಟುಕೊಳ್ಳುವಂತೆ ಮಾಡಿತು. ಆದರೂ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗ ಲೆಕ್ಕ ಹಾಕಿದಾಗ ಭಾರತದ ರೋಗಿಗಳಿಗೆ ದೊರೆಯುತ್ತಿದ್ದುದು ಬೇಕಾದುದರಲ್ಲಿ ನೂರಕ್ಕೆ ಸುಮಾರು 4 ಪಾಲು ಮಾತ್ರ. ದುರುಪಯೋಗ ಮಾಡುವವನಿಗೆ ಹೆದರಿ ಕಟ್ಟಿದ ಬೇಲಿ ನರಳುವವನನ್ನೂ ಹೊರಗೆ ನಿಲ್ಲಿಸಿತು.

ಬೇಲಿ ಬೇಕಾಗಿಯೇ ಇಲ್ಲವೇ?

ಹಾಗೆ ಹೇಳುವಂತಿಲ್ಲ. ಅಮೆರಿಕದಲ್ಲಿ 1996ರಲ್ಲಿ ಆಕ್ಸಿಕಾಂಟಿನ್ ಎಂಬ ಅಫೀಮು ವರ್ಗದ ಮಾತ್ರೆ ಮಾರುಕಟ್ಟೆಗೆ ಬಂತು. ಇದರಿಂದ ಚಟ ಹತ್ತುವುದು ಕಡಿಮೆಯೆಂದು ತಯಾರಕರು ವೈದ್ಯರನ್ನು ನಂಬಿಸಿದರು. ಕ್ಯಾನ್ಸರ್ ಇಲ್ಲದವರಿಗೂ, ಸೊಂಟನೋವಿನವರಿಗೂ ತಿಂಗಳುಗಟ್ಟಲೆ ಬರೆದುಕೊಡಲಾಯಿತು. ಲಕ್ಷಾಂತರ ಜನ ಚಟಕ್ಕೆ ಬಿದ್ದರು. ಆಮೇಲೆ ಹಲವರು ಹೆರಾಯಿನ್, ಕಳ್ಳಮಾರ್ಗದ ಫೆಂಟನಿಲ್‌ಗೆ ತಿರುಗಿದರು. 2021ರ ಒಂದೇ ವರ್ಷದಲ್ಲಿ ಆ ದೇಶದಲ್ಲಿ ಇಂಥ ಪದಾರ್ಥಗಳ ಮಿತಿಮೀರಿದ ಸೇವನೆಯಿಂದ 80,000ಕ್ಕೂ ಹೆಚ್ಚು ಜನ ಸತ್ತರು. ಆ ಕಂಪನಿ 2007ರಲ್ಲೂ 2020ರಲ್ಲೂ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು.

ನಮ್ಮಲ್ಲಿಯೂ ಇದರ ನೆರಳಿದೆ. ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ ಇಬ್ಬರು ಅಫೀಮು ವರ್ಗದ ಯಾವುದಾದರೊಂದು ಪದಾರ್ಥ ಬಳಸುತ್ತಾರೆ. ಔಷಧಿ ಅಂಗಡಿಯ ಮಾತ್ರೆ, ಸಿರಪ್ಪುಗಳನ್ನು ಬಳಸುವವರೇ ನೂರಕ್ಕೆ ಸುಮಾರು ಒಬ್ಬರು. ಟ್ರಮಡಾಲ್ ಎಂಬ ನೋವಿನ ಮಾತ್ರೆಯ ದುರುಪಯೋಗ ಹೆಚ್ಚಿದ್ದರಿಂದ 2018ರಲ್ಲಿ ಅದನ್ನೂ ಮಾದಕ ವಸ್ತು ಕಾಯಿದೆಯ ಅಡಿಗೆ ತರಲಾಯಿತು. ಕೊಡೈನ್ ಇರುವ ಕೆಮ್ಮಿನ ಸಿರಪ್ಪನ್ನು ಬಾಟಲಿಗಟ್ಟಲೆ ಕುಡಿಯುವ ಹುಡುಗರ ಸುದ್ದಿ ನೀವೂ ಪತ್ರಿಕೆಗಳಲ್ಲಿ ಓದಿರುತ್ತೀರಿ. ಚಿಕಿತ್ಸೆಗಲ್ಲದೆ ಮಾದಕ ವಸ್ತು ಬಳಸುವುದು ಗಂಭೀರ ಅಪರಾಧವೆಂದು ಅದೇ ಧರ್ಮೋಪದೇಶ ಗ್ರಂಥ 2291ನೇ ಸಂಖ್ಯೆಯಲ್ಲಿ ಹೇಳುತ್ತದೆ.

ನಮ್ಮ ಮನೆಗಳಲ್ಲಿ ಇದು ಶುರುವಾಗುವ ಬಗೆ ಬಹಳ ಸಾಧಾರಣ. ಕಳೆ ಕಿತ್ತು, ನಾಟಿ ಹಾಕಿ, ಬ್ಯಾರನ್ನಿನಲ್ಲಿ ರಾತ್ರಿಯೆಲ್ಲ ಬೆಂಕಿ ಕಾದು ಸೊಂಟ ಹಿಡಿದುಕೊಂಡಿರುತ್ತದೆ. ಹಿಂದೆ ಆಪರೇಷನ್ ಆದಾಗ ಬರೆದಿದ್ದ ಮಾತ್ರೆ ನೆನಪಾಗುತ್ತದೆ. ಹಳೆಯ ಚೀಟಿ ಹಿಡಿದು ಇನ್ನೊಂದು ಪಟ್ಟಿ ತರುತ್ತೇವೆ. ಹಗುರವೆನಿಸುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಒಂದು ಮಾತ್ರೆ ಸಾಲದಾಗುತ್ತದೆ. ವರ್ಷಗಟ್ಟಲೆ ಕಾಡುವ ಸೊಂಟನೋವು, ಮಂಡಿನೋವಿಗೆ ಈ ಔಷಧಗಳಿಂದ ಸಿಗುವ ಪ್ರಯೋಜನ ಅಲ್ಪ, ಅಪಾಯವೇ ಹೆಚ್ಚು. ಅವಕ್ಕೆ ವ್ಯಾಯಾಮ, ವಿಶ್ರಾಂತಿ, ಬೇರೆ ಬಗೆಯ ಔಷಧಗಳಿವೆ. ಕ್ಯಾನ್ಸರಿನ ಅವ್ವನಿಗೆ ಕೊಡದೆ ಹೋದರೆ ಹೇಗೆ ತಪ್ಪೋ, ಸೊಂಟನೋವಿನ ಮಗ ಕೇಳದೆ ನುಂಗಿದರೂ ಹಾಗೆಯೇ ತಪ್ಪು. ಮಾತ್ರೆ ಒಂದೇ ಆದರೂ ಅದು ಯಾರಿಗೆ, ಯಾತಕ್ಕೆ, ಯಾರ ಮಾತಿನ ಮೇಲೆ ಎಂಬುದರಲ್ಲಿ ವ್ಯತ್ಯಾಸವಿದೆ.

ಮನೆಯವರು ಮಾಡಬೇಕಾದದ್ದು

ಕರುಣೆಯೊಂದೇ ಸಾಲದು, ಜಾಗ್ರತೆಯೂ ಬೇಕು. ಆದ್ದರಿಂದ ಈ ಕೆಲವು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಮಾತ್ರೆ ಕೊಡುವ ಹೊಣೆಯನ್ನು ಮನೆಯಲ್ಲಿ ಒಬ್ಬರೇ ವಹಿಸಿಕೊಳ್ಳಲಿ. ಸಾಧಾರಣ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡುವುದು ವಾಡಿಕೆ. ನಿಮ್ಮ ರೋಗಿಗೆ ಎಷ್ಟು, ಯಾವಾಗ ಎಂಬುದನ್ನು ವೈದ್ಯರೇ ಹೇಳುತ್ತಾರೆ. ಕೊಟ್ಟ ಹೊತ್ತನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ನೋವು ಹೆಚ್ಚಾಯಿತೆಂದು ನೀವೇ ಏರಿಸಬೇಡಿ, ಕಡಿಮೆಯಾಯಿತೆಂದು ನೀವೇ ನಿಲ್ಲಿಸಬೇಡಿ.

ಮೊದಲ ಕೆಲವು ದಿನ ವಾಕರಿಕೆ, ತೂಕಡಿಕೆ ಇರಬಹುದು, ಸಾಮಾನ್ಯವಾಗಿ ಅದು ತಾನಾಗಿ ಕಡಿಮೆಯಾಗುತ್ತದೆ. ಮಲಬದ್ಧತೆ ಮಾತ್ರ ಔಷಧ ಇರುವವರೆಗೂ ಇರುತ್ತದೆ. ಅದಕ್ಕೆ ಮೊದಲ ದಿನದಿಂದಲೇ ಬೇರೆ ಔಷಧ ಕೇಳಿ ಪಡೆಯಿರಿ. ಎಷ್ಟೋ ರೋಗಿಗಳು ಮಾರ್ಫಿನ್ ಬಿಡುವುದು ಈ ಒಂದು ತೊಂದರೆಗೆ.

ಮದ್ಯ ಮತ್ತು ನಿದ್ದೆ ಮಾತ್ರೆ ಈ ಔಷಧದ ಜೊತೆ ಸೇರಿದರೆ ಉಸಿರಾಟವೇ ನಿಧಾನವಾಗಬಹುದು. ಮೂತ್ರಪಿಂಡದ ಕಾಯಿಲೆ, ಉಬ್ಬಸ, ಫಿಟ್ಸ್ ಇದ್ದರೆ, ಮನಸ್ಸಿನ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಿ. ನಿಧಾನವಾಗಿ ಕರಗುವ ಮಾತ್ರೆಯನ್ನು ಪುಡಿಮಾಡಿ ಕೊಡಬೇಡಿ. ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿಯನ್ನು ಕತ್ತರಿಸಬೇಡಿ, ಅದರ ಮೇಲೆ ಬಿಸಿನೀರಿನ ಶಾಖ ಕೊಡಬೇಡಿ.

ಎಬ್ಬಿಸಿದರೂ ಏಳದಷ್ಟು ಮಂಪರು, ಬಹಳ ನಿಧಾನವಾದ ಉಸಿರು, ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆ ಕಂಡರೆ ಅದು ಅತಿಯಾಗಿರುವ ಗುರುತು. ಮುಂದಿನ ಮಾತ್ರೆ ಕೊಡದೆ ಕೂಡಲೇ ವೈದ್ಯರನ್ನು ಕೇಳಿ ಅಥವಾ 108ಕ್ಕೆ ಫೋನ್ ಮಾಡಿ. ಇದಕ್ಕೆ ನಲೋಕ್ಸೋನ್ ಎಂಬ ಪ್ರತಿಮದ್ದು ಇದೆ.

ಮಾತ್ರೆಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ, ವಾರಕ್ಕೊಮ್ಮೆ ಎಣಿಸಿ. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರ ಹಲ್ಲುನೋವಿಗೂ ಕೊಡಬೇಡಿ. ಮಗುವಿಗೆ ಒಂದೇ ಮಾತ್ರೆ ಪ್ರಾಣಾಪಾಯ ತರಬಲ್ಲದು. ರೋಗಿ ತೀರಿಕೊಂಡ ಮೇಲೆ ಉಳಿದ ಮಾತ್ರೆಯನ್ನು ಕೊಟ್ಟ ಆಸ್ಪತ್ರೆಗೇ ಹಿಂತಿರುಗಿಸಿ. ದುಃಖದ ಮನೆಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ. ಮೊದಲೇ ಒಬ್ಬರಿಗೆ ವಹಿಸಿಡಿ.

ಎಲ್ಲಿ ಸಿಗುತ್ತದೆ?

ಮಾರ್ಫಿನ್ ಊರಿನ ಔಷಧಿ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಮಾನ್ಯತೆ ಪಡೆದ ಆಸ್ಪತ್ರೆಯಿಂದಲೇ ತರಬೇಕು. ಸಾಲಿಗ್ರಾಮದ ಕಡೆಯವರಿಗೆ ಅದರ ಅರ್ಥ ಬಹುಮಟ್ಟಿಗೆ ಮೈಸೂರಿನ ಬಸ್ಸು. ಆದ್ದರಿಂದ ಮುಗಿಯುವ ನಾಲ್ಕು ದಿನ ಮೊದಲೇ ಹೊರಡಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನೋವು ಶಮನಕ್ಕೆಂದೇ ವಿಭಾಗವಿದೆ. 1999ರಲ್ಲಿ ಬೆಂಗಳೂರಿನ ಮಾರತ್‌ಹಳ್ಳಿ ಬಳಿ ಆರಂಭವಾದ ಕರುಣಾಶ್ರಯ, ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಹಣ ಕೇಳದೆ ನೋಡಿಕೊಳ್ಳುತ್ತದೆ. ಎಚ್.ಡಿ. ಕೋಟೆ ಸೀಮೆಯಲ್ಲಿ 1984ರಿಂದ ದುಡಿಯುತ್ತಿರುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಹ ಇಂಥ ಆರೈಕೆಯನ್ನು ಮಾಡುತ್ತಿದೆ. ಮನೆಯಲ್ಲಿ ಯಾರಾದರೂ ಮಾತ್ರೆಯ ಚಟಕ್ಕೆ ಬಿದ್ದಿದ್ದರೆ ಬೈದು ಹೊರಗಟ್ಟಬೇಡಿ, ಅದೂ ಚಿಕಿತ್ಸೆಯಿರುವ ಕಾಯಿಲೆಯೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆ ವಿಭಾಗವಿದೆ. 14446 ಎಂಬ ಸರ್ಕಾರದ ಉಚಿತ ಸಹಾಯವಾಣಿಯೂ ಇದೆ.

ನಮ್ಮ ಧರ್ಮಕೇಂದ್ರಗಳೂ ಒಂದು ಕೆಲಸ ಮಾಡಬಹುದು. ಹಾಸಿಗೆ ಹಿಡಿದವರನ್ನು ಭೇಟಿಯಾಗಿ ಪ್ರಾರ್ಥಿಸಿ ಬರುವ ಒಳ್ಳೆಯ ಪದ್ಧತಿ ನಮ್ಮಲ್ಲಿದೆ. ಮುಂದಿನ ಸಲ ಹೋದಾಗ, ಪ್ರಾರ್ಥನೆಗೆ ಮೊದಲು, "ಅವ್ವ, ನೋವು ಎಷ್ಟಿದೆ? ರಾತ್ರಿ ನಿದ್ದೆ ಬಂತಾ?" ಎಂದು ಕೇಳಿ. ಬರಲಿಲ್ಲವೆಂದರೆ ಡಾಕ್ಟರಿಗೆ ತಿಳಿಸಿದ್ದಾರಾ ಎಂದು ಮಗನನ್ನು ಕೇಳಿ. ಮೈಸೂರಿಗೆ ಹೋಗಿ ಮಾತ್ರೆ ತರಲು ಆ ಮನೆಯಲ್ಲಿ ಆಳಿಲ್ಲದಿದ್ದರೆ ಯುವಜನ ಸಂಘದ ಒಬ್ಬ ಹುಡುಗನನ್ನು ಚೀಟಿ ಮತ್ತು ಗುರುತಿನ ಕಾಗದಗಳೊಂದಿಗೆ ಜೊತೆಗೆ ಕಳುಹಿಸಿ.

ಔಷಧ ಭೂಮಿಯಿಂದ ಬರುವುದು ದೇವರ ಏರ್ಪಾಡೇ ಎಂದೂ ವಿವೇಕಿಯಾದವನು ಅದನ್ನು ತಿರಸ್ಕರಿಸುವುದಿಲ್ಲವೆಂದೂ ಸಿರಾಖನ ಗ್ರಂಥದ 38ನೇ ಅಧ್ಯಾಯ ನಮಗೆ ಕಲಿಸುತ್ತದೆ. ಗಸಗಸೆಯ ಗಿಡವೂ ಆ ಭೂಮಿಯದೇ. ಅದನ್ನು ಬಳಸಲು ಬುದ್ಧಿಯನ್ನೂ, ಕಾಯಲು ಎಚ್ಚರವನ್ನೂ ದೇವರೇ ಕೊಟ್ಟಿದ್ದಾನೆ. ನಿಮ್ಮ ಮನೆಯ ಗೂಡಿನಲ್ಲಿ ಹೆದರಿಕೆಯಿಂದ ಎತ್ತಿಟ್ಟ ಅಂಥ ಪೊಟ್ಟಣವೊಂದು ಇದ್ದರೆ, ಬರೆದುಕೊಟ್ಟ ವೈದ್ಯರನ್ನು ಇವತ್ತೇ ಕೇಳಿ. ಅವರು ಹೇಳಿದಂತೆ ಮಾತ್ರೆ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಅವ್ವನಿಗೆ ಸ್ವಲ್ಪ ಹಗುರವಾದ ಮೇಲೆ ಜಪಸರ ಶುರುಮಾಡಿ. ಆಗ ಅವರೂ ನಿಮ್ಮೊಡನೆ ದನಿಗೂಡಿಸಬಲ್ಲರು.